ನಾಟಕ ನಿಲ್ಲಿಸಿ, ಫೋಟೋದಮ್ಮ ಬಂದರು

ನಮ್ಮ ಕಡೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಾಟಕಕ್ಕೆ ಹೋದವರು ಬರಿಗೈಯಲ್ಲಿ ಬಂದದ್ದೇ ಇಲ್ಲ. ಫೋಟೋ ಸಿಗದಿದ್ದರೆ ಕತೆ ಸಿಗುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಹಳೆಯ ಸ್ಟುಡಿಯೋದಲ್ಲಿ ನಾನು ಕೆಲಸಕ್ಕಿದ್ದ ಕಾಲದಲ್ಲಿ ನಮಗೆ ಸಿಕ್ಕಿದ್ದು ಹೆಚ್ಚಾಗಿ ಕತೆಗಳೇ.

ಸ್ಟುಡಿಯೋದ ಒಡತಿಯನ್ನು ಊರೆಲ್ಲ ‘ಫೋಟೋದಮ್ಮ’ ಅನ್ನುತ್ತಿತ್ತು. ಈ ಗುಡ್ಡಗಳ ನಡುವೆ ಕ್ಯಾಮೆರಾ ಹಿಡಿದ ಮೊದಲ ಹೆಂಗಸು ಅವರೇ. ಮದುವೆ, ನಾಮಕರಣದ ಫೋಟೋಗಳನ್ನು ಹೊಟ್ಟೆಪಾಡಿಗೆ ತೆಗೆಯುತ್ತಿದ್ದರು; ನಾಟಕದ ಫೋಟೋಗಳನ್ನು ಹುಚ್ಚಿಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿ ಸೇರಿದಾಗ ಅವರಿಗೆ ಎಪ್ಪತ್ತರ ಹತ್ತಿರ.

ಕತ್ತಲೆ ಕೋಣೆಯ ಆಸೆ

ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ, ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನಾಲ್ಕು ಜನರೆದುರು ಮಾತಾಡಬೇಕೆಂದರೆ ಬಾಯಿ ಒಣಗುತ್ತಿತ್ತು. ಇಂಗ್ಲಿಷಿನಲ್ಲೂ ಒಣಗುತ್ತಿತ್ತು, ಆದರೆ ಅದನ್ನು ಜನ ಸ್ಟೈಲು ಅಂದುಕೊಳ್ಳುತ್ತಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಒಂದು ದಿನ ಸ್ಟುಡಿಯೋಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ, “ಅಲ್ಲಿ ಫೋಟೋ ತೊಳೆಯೋ ಡಾರ್ಕ್ ರೂಮ್ ಇದೆ ಕಣಮ್ಮ. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರೆ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ,” ಎಂದು ಆಸೆ ತೋರಿಸುತ್ತಿದ್ದರು. ಬೇರೆ ಮಕ್ಕಳಿಗೆ ಐಸ್‌ಕ್ರೀಮ್ ಆಸೆ ತೋರಿಸುವ ಹಾಗೆ.

ಫೋಟೋದಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಕತ್ತಲಲ್ಲಿ ಹೆದರಿಕೆ ಆಗುತ್ತಾ?”

“ಇಲ್ಲ,” ಅಂದೆ.

“ಬೆಳಕಲ್ಲಿ?”

ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

“ಸರಿ, ನಾಳೆಯಿಂದ ಬಾ.”

ಮರುದಿನ ಹೋದರೆ ಡಾರ್ಕ್ ರೂಮಿನ ಸುದ್ದಿಯೇ ಇಲ್ಲ. ಹುಡುಗಿ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ತೋಟದ ಮನೆಯ ಹುಡುಗನೊಬ್ಬ ಬಂದು ಸ್ಟೂಲಿನ ಮೇಲೆ ಕೂತಿದ್ದ. “ಹೋಗಿ ಅವನಿಗೆ ಗಲ್ಲ ಎತ್ತಕ್ಕೆ ಹೇಳು,” ಎಂದರು ಫೋಟೋದಮ್ಮ. ಹೇಳಲು ನನಗೆ ಬಾಯಿ ಬರಲಿಲ್ಲ. ಅವನ ಎದುರು ನಿಂತು ನನ್ನ ಗಲ್ಲವನ್ನೇ ಎತ್ತಿ ತೋರಿಸಿದೆ. ಅವನೂ ಎತ್ತಿದ. ಹೆಗಲು ನೆಟ್ಟಗೆ ಮಾಡಿ ತೋರಿಸಿದೆ. ಅವನೂ ಮಾಡಿದ. ಆಹಾ, ಮಾತಿಲ್ಲದೆ ಕೆಲಸ ನಡೆಯುತ್ತದಲ್ಲ ಎಂದು ಖುಷಿಯಾಗಿ, ಜಾರುತ್ತಿದ್ದ ನನ್ನ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಅದೇ ಹೊತ್ತಿಗೆ ಫೋಟೋದಮ್ಮ ಬಟನ್ ಒತ್ತಿದರು.

ಆ ಹುಡುಗನಿಗೆ ಕನ್ನಡಕವಿರಲಿಲ್ಲ. ಫೋಟೋದಲ್ಲಿ ಅವನು ಗಲ್ಲ ಎತ್ತಿ, ಎದೆಯುಬ್ಬಿಸಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾನೆ. ಹುಡುಗಿ ಕಡೆಯವರು ನೋಡಿ, “ಹುಡುಗ ತುಂಬ ವಿಚಾರವಂತ,” ಎಂದು ಒಪ್ಪಿಕೊಂಡರಂತೆ.

ರಾಣಿಯ ನಿರಿಗೆ

ಫೋಟೋದಮ್ಮ ಕ್ಯಾಮೆರಾ ಹಿಡಿದ ಕತೆ ನನಗೆ ಗೊತ್ತಾಗಿದ್ದು ಅವರ ಬೀರು ಒರೆಸುವಾಗ. ಅದರ ತುಂಬ ಹಳೆಯ ನಾಟಕ ಕಂಪನಿಗಳ ಫೋಟೋ. ರಾಜರು, ಮಂತ್ರಿಗಳು, ರಾಕ್ಷಸರು. ಎಲ್ಲರೂ ಒಂದೇ ಪರದೆಯ ಎದುರು ನಿಂತವರು.

ಆಗೆಲ್ಲ ನಾಟಕದ ಫೋಟೋ ತೆಗೆಯಲು ಯಾರೂ ನಾಟಕಕ್ಕೆ ಹೋಗುತ್ತಿರಲಿಲ್ಲವಂತೆ. ನಾಟಕವೇ ಸ್ಟುಡಿಯೋಗೆ ಬರಬೇಕು. ಮಳೆಗಾಲ ಕಳೆದ ಮೇಲೆ ಊರಿಗೆ ಬಂದು ಟೆಂಟು ಹಾಕಿದ ಕಂಪನಿಯವರು ಹಾಡುಹಗಲಲ್ಲೇ ಬಣ್ಣ ಬಳಿದುಕೊಂಡು, ಕತ್ತಿ ಕಿರೀಟ ಸಮೇತ ಪೇಟೆಯಲ್ಲಿ ನಡೆದು ಬರುತ್ತಿದ್ದರು. ಸ್ಟುಡಿಯೋದ ಮಾಡಿಗೆ ಗಾಜಿನ ಹೆಂಚು. ಅದರಿಂದ ಬಿಸಿಲು ಇಳಿಯುವ ಹೊತ್ತು ನೋಡಿ, ಮೂರು ಕಾಲಿನ ದೊಡ್ಡ ಕ್ಯಾಮೆರಾದ ಮುಂದೆ ಅಲುಗಾಡದೆ ನಿಲ್ಲಬೇಕು. ಫೋಟೋ ತೆಗೆಯುತ್ತಿದ್ದವರು ಫೋಟೋದಮ್ಮನ ಯಜಮಾನರು. ಫೋಟೋದಮ್ಮ ಆಗ ಹಿಂದಿನ ಅಡುಗೆಮನೆಯಲ್ಲಿ ಹೊಸ ಸೊಸೆ.

ಒಂದು ದಿನ ಕಂಪನಿಯ ರಾಣಿ ಬಂದರು. ರಾಣಿ ಪಾತ್ರ ಮಾಡುತ್ತಿದ್ದವರು ಗಂಡಸೇ, ಆಗ ಹಾಗೇ ತಾನೆ. ಸೀರೆಯ ನಿರಿಗೆ ದಾರಿಯಲ್ಲಿ ಕೆದರಿತ್ತು. ಯಜಮಾನರು ಸರಿ ಮಾಡಲು ಬಗ್ಗಿದ್ದೇ ತಡ, ರಾಣಿ ಎರಡು ಹೆಜ್ಜೆ ಹಿಂದೆ ಹಾರಿದರು.

“ಏನ್ರೀ ಇದು! ವೇಷ ಹಾಕಿದ ಮೇಲೆ ನಾನು ರಾಣಿ. ಪರಪುರುಷರು ನಿರಿಗೆ ಮುಟ್ಟೋ ಹಾಗಿಲ್ಲ.”

“ನಿನ್ನೆ ಹೋಟ್ಲಲ್ಲಿ ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಬೀಡಿ ಸೇದಿದ್ರಲ್ಲ ಮಾರಾಯ್ರೇ.”

“ಅದು ನಿನ್ನೆ. ಆಗ ನನಗೆ ಮೀಸೆ ಇತ್ತು.”

ಬೇರೆ ದಾರಿ ಕಾಣದೆ ಯಜಮಾನರು ಹೆಂಡತಿಯನ್ನು ಕರೆದರು. ಫೋಟೋದಮ್ಮ ಕೈ ಒರೆಸಿಕೊಂಡು ಬಂದು, ನಿರಿಗೆ ಹಿಡಿದು, ಸೆರಗು ಸರಿ ಮಾಡಿ, “ಬಿಸಿಲು ಮೂಗಿನ ಮೇಲೆ ಬೀಳ್ತಿದೆ, ಸ್ವಲ್ಪ ಎಡಕ್ಕೆ ತಿರುಗಿದ್ರೆ ಗಲ್ಲದ ಗೆರೆ ಕಾಣಲ್ಲ,” ಎಂದರು. ಗಲ್ಲದ ಗೆರೆ ಅಂದರೆ ಕ್ಷೌರದ ಗೆರೆ. ರಾಣಿಗೆ ಅದು ಹಿಡಿಸಿಬಿಟ್ಟಿತು. “ಹೆಂಗಸರ ಕಷ್ಟ ಹೆಂಗಸಿಗೇ ಗೊತ್ತು. ಇವರೇ ಫೋಟೋ ತೆಗೀಲಿ,” ಎಂದು ಹಟ ಹಿಡಿದರು. ಫೋಟೋದಮ್ಮ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ಮೊದಲ ಸಲ ತಲೆ ಹಾಕಿದರು. ಒಳಗೆ ರಾಣಿ ತಲೆಕೆಳಗಾಗಿ ನಿಂತಿದ್ದರು. ಆ ಕ್ಯಾಮೆರಾದಲ್ಲಿ ಎಲ್ಲವೂ ಹಾಗೆಯೇ ಕಾಣುವುದು. ಬಟ್ಟೆಯೊಳಗೇ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ತೆಗೆದರಂತೆ.

ಆ ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ, ಮುಂದೆ ಯಾವ ಕಂಪನಿ ಬಂದರೂ ಅದರ ರಾಣಿಯರು, ರಾಜಕುಮಾರಿಯರು, ಸಖಿಯರೆಲ್ಲ ಫೋಟೋದಮ್ಮನೇ ಬೇಕೆಂದು ಕೇಳಿಕೊಂಡು ಬಂದರು.

“ನಿಜವಾದ ಹೆಂಗಸರು ಯಾವಾಗ ಬಂದ್ರು ಅಮ್ಮ?” ಎಂದು ಕೇಳಿದೆ.

“ಅವರು ಬರಕ್ಕೆ ಬಹಳ ವರ್ಷ ಹಿಡೀತು. ನನ್ನ ಮೊದಮೊದಲ ಹೆಣ್ಣು ಗಿರಾಕಿಗಳೆಲ್ಲ ಗಡ್ಡ ಬೋಳಿಸ್ಕೊಂಡು ಬಂದವರೇ.”

ನಾಲಗೆ ಚಾಚಿದ ರಾಕ್ಷಸ

ಆ ಬೀರುವಿನಲ್ಲೇ ಕೆಂಪು ನಾಲಗೆ ಹೊರಗೆ ಹಾಕಿದ ಒಬ್ಬ ರಾಕ್ಷಸನ ಫೋಟೋ ಇತ್ತು. ಕೆಂಪು ಅಂತ ನಾನು ಅಂದುಕೊಂಡಿದ್ದು, ಫೋಟೋ ಕಪ್ಪು ಬಿಳುಪೇ.

ಅವನಿಗೆ ಫೋಟೋದಮ್ಮ, “ನಾನು ಹೇಳೋ ತನಕ ಅಲುಗಾಡ್ಬಾರ್ದು,” ಎಂದಿದ್ದರಂತೆ. ರಾಕ್ಷಸ ಕಣ್ಣರಳಿಸಿ, ನಾಲಗೆ ಚಾಚಿ, ಗದೆಯೆತ್ತಿ ನಿಂತ. ಫೋಟೋ ತೆಗೆದದ್ದಾಯಿತು. ಫೋಟೋ ಮೂಡುವ ಗಾಜಿನ ಪ್ಲೇಟು ಹೇಗೆ ಬಂತೋ ಎನ್ನುವ ಆತುರದಲ್ಲಿ ಫೋಟೋದಮ್ಮ ನೇರ ಡಾರ್ಕ್ ರೂಮಿಗೆ ಹೋದರು. ತೊಳೆದರು, ಒಣಗಲು ಇಟ್ಟರು, ಹಾಗೇ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆಯನ್ನೂ ಹಾಕಿದರು. ವಾಪಸು ಬಂದು ನೋಡಿದರೆ ರಾಕ್ಷಸ ಹಾಗೇ ನಿಂತಿದ್ದಾನೆ. ಗದೆ ನಡುಗುತ್ತಿದೆ. ನಾಲಗೆಯ ಮೇಲೊಂದು ನೊಣ ಓಡಾಡುತ್ತಿದೆ.

“ಅಯ್ಯೋ, ಮುಗೀತಲ್ಲಪ್ಪ, ಯಾಕೆ ನಿಂತಿದೀಯ?”

ರಾಕ್ಷಸ ನಾಲಗೆ ಒಳಗೆಳೆದುಕೊಂಡು, ಬಹಳ ಮೆತ್ತಗೆ, “ನೀವು ಹೇಳ್ಲಿಲ್ಲವಲ್ಲ ಅಕ್ಕ,” ಎಂದನಂತೆ. “ನೊಣ ಫೋಟೋದಲ್ಲಿ ಬಂದಿದ್ಯಾ?”

ಚಪ್ಪಲಿ ಬಿಡುವ ಜಾಗ

ನಾನು ಸೇರಿದ ಎರಡನೇ ಚಳಿಗಾಲದಲ್ಲಿ ಚಿಕ್ಕಮಗಳೂರಿನ ನಾಟಕ ಸಂಘವೊಂದರ ಕಾರ್ಯದರ್ಶಿ ನಮ್ಮ ಸ್ಟುಡಿಯೋಗೆ ಬಂದರು. ಜುಬ್ಬ, ಬಗಲಚೀಲ, ಗಂಭೀರ ಮುಖ. ಯುಗಾದಿ ಆದ ಮೇಲೆ ತಮ್ಮ ಊರಿನ ಟೌನ್ ಹಾಲಿನಲ್ಲಿ ನಾಟಕದ ಫೋಟೋಗಳ ಪ್ರದರ್ಶನ ಇಡುತ್ತಾರಂತೆ. ಫೋಟೋದಮ್ಮ ಬೀರುವಿನಿಂದ ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಹರಡಿದರು. ಮಗುವಿನ ಜಾತಕ ತೋರಿಸುವವರ ಹಾಗೆ ಪಕ್ಕದಲ್ಲಿ ಕೂತರು.

ಕಾರ್ಯದರ್ಶಿಗಳು ಒಂದೊಂದನ್ನೇ ಎತ್ತಿ ನೋಡಿ, ಇಟ್ಟು, ಕೊನೆಗೆ ನಿಟ್ಟುಸಿರುಬಿಟ್ಟರು.

“ಎಲ್ರೂ ನಿಂತಿದ್ದಾರಲ್ಲ ಅಮ್ಮ.”

“ನಿಲ್ಲಿಸಿದ್ದು ನಾನೇ.”

“ಅದೇ ಹೇಳಿದ್ದು. ಇದರಲ್ಲಿ ವೇಷ ಇದೆ, ನಾಟಕ ಎಲ್ಲಿದೆ? ನಾಟಕ ನಡೀತಾ ಇರುವಾಗ, ನಟ ತನ್ನನ್ನೇ ಮರೆತಿರುವಾಗ ತೆಗೆದಿದ್ದು ಒಂದು ಇದ್ರೆ ಹೇಳಿ. ಅಂಥದ್ದು ಒಂದು ಕೊಟ್ರೆ, ಅದರ ಸುತ್ತ ಇವನ್ನೆಲ್ಲ ಹಾಕೋಣ. ಹಾಲಿನ ಒಂದು ಗೋಡೆ ಪೂರ್ತಿ ನಿಮ್ಮದೇ.”

“ಇಲ್ಲದಿದ್ರೆ?”

“ಇಲ್ಲದಿದ್ರೆ... ಎರಡು ಫೋಟೋ ಹಾಕಬಹುದು. ಬಾಗಿಲ ಹತ್ರ. ಚಪ್ಪಲಿ ಬಿಡೋ ಜಾಗದಲ್ಲಿ.”

ಫೋಟೋದಮ್ಮ ನನ್ನ ಕಡೆ ತಿರುಗಿ, “ಇವರಿಗೊಂದು ಕಾಫಿ ಮಾಡ್ಕೊಡು,” ಎಂದರು. ನಾನು ಪಿಸುಮಾತಿನಲ್ಲಿ, “ಸಕ್ಕರೆ ಎಷ್ಟು?” ಎಂದೆ.

“ಈಗ ಬೇಡ. ಗೋಡೆ ಕೊಟ್ಟ ಮೇಲೆ ಹಾಕೋಣ.”

ಅವರು ಹೋದ ಮೇಲೆ ಫೋಟೋದಮ್ಮ ಫೋಟೋಗಳನ್ನು ಒಂದೊಂದಾಗಿ ಬೀರುವಿಗೆ ಇಡುತ್ತಾ, “ಅವನು ಹೇಳಿದ್ದು ಸರಿ ಕಣೇ,” ಎಂದರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಆಪರೇಷನ್ ಕೆಟ್ಟರೆ ಇರುವ ಮಸುಕು ನೋಟವೂ ಹೋದೀತೆಂಬ ಹೆದರಿಕೆ ಫೋಟೋದಮ್ಮನಿಗೆ. “ಅದಕ್ಕೆ ಮೊದಲು ಒಂದು ತೆಗೀಬೇಕು. ಓಡ್ತಾ ಇರೋ ನಾಟಕದ್ದು ಒಂದೇ ಒಂದು. ಆಮೇಲೆ ಕಣ್ಣು ಬಂದ್ರೆ ಬರಲಿ, ಹೋದ್ರೆ ಹೋಗಲಿ.”

ಹೀಗೆ ನಾವಿಬ್ಬರೂ ಯುಗಾದಿಯೊಳಗೆ ಒಂದು ಓಡುವ ನಾಟಕ ಹಿಡಿಯಲು ಹೊರಟೆವು. ಒಬ್ಬರಿಗೆ ಕಣ್ಣು ಸರಿಯಾಗಿ ಕಾಣದು, ಇನ್ನೊಬ್ಬಳಿಗೆ ಬಾಯಿ ಬಾರದು.

ಸತ್ತವನ ಕ್ರಾಪು

ಮೊದಲು ಸಿಕ್ಕಿದ್ದು ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರ ನಾಟಕ. ಕರೆಂಟನ್ನು ನಂಬಿಕೊಂಡು ಯಾರೂ ನಾಟಕ ಇಟ್ಟುಕೊಳ್ಳದ ಕಾಲ, ಹಾಗಾಗಿ ಮಧ್ಯಾಹ್ನವೇ ಶುರು. ನಮಗೂ ಅದೇ ಬೇಕಿತ್ತು, ಬೆಳಕು ಚೆನ್ನಾಗಿರುತ್ತದೆ.

ಎಸ್ಟೇಟಿನ ಒಡೆಯರಾದ ಸಾಹುಕಾರ್ರೇ ರಾಜ. ಲೆಕ್ಕ ಬರೆಯುವ ರೈಟರು ಮಂತ್ರಿ. ಆಳುಗಳ ಮೇಸ್ತ್ರಿ ಸೇನಾಪತಿ. ಯುದ್ಧದ ದೃಶ್ಯದಲ್ಲಿ ರಾಜ ಶತ್ರುವಿನ ಎದೆಗೆ ಕತ್ತಿ ಚುಚ್ಚಿ ಕೊಂದ. ಶತ್ರು ಒದ್ದಾಡಿ ಸತ್ತ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಇದೇ ಸಮಯ ಎಂದು ಫೋಟೋದಮ್ಮ ಮೆಲ್ಲಗೆ ಎದ್ದು ಸ್ಟೇಜಿನ ಹತ್ತಿರ ಹೋಗಿ ಕ್ಯಾಮೆರಾ ಎತ್ತಿದರು.

ರಾಜ ಅದನ್ನು ನೋಡಿದ. ಕತ್ತಿ ಕೆಳಗಿಳಿಸಿದ. “ಏ, ಫೋಟೋದಮ್ಮ ಬಂದ್ರು, ತಡೀರಿ,” ಎಂದ.

ಹಾರ್ಮೋನಿಯಂ ನಿಂತಿತು. ರಾಜ ನಡುವೆ ಬಂದ. ಮಂತ್ರಿ ಬಲಕ್ಕೆ, ಸೇನಾಪತಿ ಎಡಕ್ಕೆ. ಒಳಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದವರೂ ಓಡಿ ಬಂದರು. ಒಬ್ಬನ ಅರ್ಧ ಮುಖ ಮಾತ್ರ ರಾಕ್ಷಸ. ಸೈನಿಕರು ಮುಂದೆ ಮಂಡಿಯೂರಿ ಕೂತರು. ಹೆಣವಾಗಿ ಬಿದ್ದಿದ್ದ ಶತ್ರು ಎದ್ದು, ಸೊಂಟದಿಂದ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಂಡು, ರಾಜನ ಪಕ್ಕ ನಿಂತ. ಅವನನ್ನು ಈಗಷ್ಟೇ ಕೊಂದ ರಾಜ ಅವನ ಹೆಗಲ ಮೇಲೆ ಕೈ ಹಾಕಿದ.

“ನೀವು ನಾಟಕ ಮಾಡ್ತಾ ಇರಿ ಮಾರಾಯ್ರೇ, ನನ್ನ ಕಡೆ ನೋಡ್ಬೇಡಿ,” ಎಂದು ಫೋಟೋದಮ್ಮ ಗೋಗರೆದರು.

“ನಾಟಕ ಎಲ್ಲಿಗೆ ಹೋಗುತ್ತೆ ಅಮ್ಮ, ಆಮೇಲೆ ಮಾಡಬಹುದು. ನೀವು ಅಷ್ಟು ದೂರದಿಂದ ಬಂದಿದ್ದೀರಿ,” ಎಂದ ರಾಜ.

ಇಷ್ಟು ಮರ್ಯಾದೆ ಕೊಟ್ಟ ಮೇಲೆ ತೆಗೆಯದೆ ಇರುವುದು ಹೇಗೆ? ತೆಗೆದರು. ಎಲ್ಲರೂ ವಾಪಸು ಅವರವರ ಜಾಗಕ್ಕೆ ಹೋದರು. ಶತ್ರು ಮಲಗುವ ಮೊದಲು ಪ್ರೇಕ್ಷಕರ ಕಡೆ ತಿರುಗಿ, “ನಾನು ಸತ್ತಿದ್ದು ಎಲ್ರೂ ನೋಡಿದ್ರಲ್ಲ? ಇಲ್ಲಾಂದ್ರೆ ಇನ್ನೊಂದ್ಸಲ ಸಾಯ್ತೀನಿ,” ಎಂದ.

ಕಳಸದ ಪ್ರೇಮ ನಿವೇದನೆ

ಕ್ಯಾಮೆರಾ ಕಂಡರೆ ತಾನೇ ಇವರು ನಿಲ್ಲುವುದು? ಕಾಣದ ಹಾಗೆ ಹೋಗೋಣ ಎಂದು ತೀರ್ಮಾನವಾಯಿತು. ಕಳಸದಲ್ಲಿ ಒಂದು ಸಾಮಾಜಿಕ ನಾಟಕವಿತ್ತು. ಫೋಟೋದಮ್ಮ ಕ್ಯಾಮೆರಾಕ್ಕೆ ಶಾಲು ಹೊದೆಸಿ, ಲೆನ್ಸಿಗೆ ಮಾತ್ರ ಜಾಗ ಬಿಟ್ಟು, ಎಳೆಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡರು. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಕೂತೆವು. ನಮ್ಮ ಮುಂದಿನ ಕುರ್ಚಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಒಬ್ಬ ಅಜ್ಜಿ.

ಒಂದು ತಪ್ಪಾಗಿತ್ತು. ಪೇಟೆಯಿಂದ ನಾಟಕದ ಹಾಲಿಗೆ ಬರುವಾಗ ಜೀಪಿನ ಡ್ರೈವರಿಗೆ ಫೋಟೋದಮ್ಮ, “ಯಾರಿಗೂ ಹೇಳ್ಬೇಡ ಮಾರಾಯ, ಗುಟ್ಟಾಗಿ ಫೋಟೋ ತೆಗೀಬೇಕು,” ಎಂದಿದ್ದರು. ಜೀಪು ನಾಟಕದವರ ಬಣ್ಣದ ಪೆಟ್ಟಿಗೆ ತರಲು ಅಲ್ಲಿಂದ ಮುಂದೆ ಹೋಗಿತ್ತು, ಗುಟ್ಟಿನ ಸಮೇತ.

ಪರದೆ ಎದ್ದಿತು. ನಾಯಕ ಬಂದ. ನಾಯಕಿ ಸ್ಟೇಜಿನ ಬಲ ತುದಿಯಲ್ಲಿ ನಿಂತಿದ್ದಳು. ನಾವಿದ್ದದ್ದು ಎಡಕ್ಕೆ. ನಾಯಕ ನಾಯಕಿಗೆ ಬೆನ್ನು ಹಾಕಿ, ನೇರ ನಮ್ಮ ಮೂರನೇ ಸಾಲಿನ ಕಡೆ ತಿರುಗಿ, ಕೈ ಚಾಚಿ, “ನಿನ್ನನ್ನು ಬಿಟ್ಟು ನಾನು ಬದುಕಲಾರೆ!” ಎಂದ. ನಾಯಕಿಯೂ ನಮ್ಮ ಕಡೆಗೇ ತಿರುಗಿ ನಾಚಿಕೊಂಡಳು. ನಾಯಕಿಯ ಅಪ್ಪ ಬಂದು ನಮ್ಮನ್ನೇ ನೋಡಿ ಬೈದ. ಪೊಲೀಸಿನವನು ಬಂದು ನಮಗೇ ಸೆಲ್ಯೂಟ್ ಹೊಡೆದ. ಆ ಕಡೆ ಕೂತಿದ್ದ ಗಂಡಸರು, “ನಮಗೆ ಬರೀ ಬೆನ್ನು ಕಾಣ್ತಿದೆ,” ಎಂದು ಗಲಾಟೆ ಎಬ್ಬಿಸಿದರು. ಆಮೇಲೆ ಒಬ್ಬೊಬ್ಬರೇ ಕುರ್ಚಿ ಎತ್ತಿಕೊಂಡು ಹೆಂಗಸರ ಕಡೆಗೇ ಬಂದರು.

ನಾಯಕ ಮತ್ತೆ ಮುಂದೆ ಬಂದು ಮಂಡಿಯೂರಿದ. ಅವನ ಕಣ್ಣು ನೆಟ್ಟಿದ್ದು ಲೆನ್ಸಿನ ಮೇಲೆ; ಆದರೆ ಆ ನೋಟದ ದಾರಿಯಲ್ಲಿ ಅಜ್ಜಿ ಇದ್ದರು. “ಒಂದು ಸಲ ಹೂಂ ಅನ್ನು! ನಿನ್ನ ಒಂದು ಮಾತಿಗಾಗಿ ಈ ಜೀವ ಕಾದಿದೆ!”

ಅಜ್ಜಿ ಎಲೆಯಡಿಕೆ ಒಂದು ಕಡೆ ದವಡೆಗೆ ಸರಿಸಿಕೊಂಡು ಎದ್ದು ನಿಂತರು.

“ಆಗಲಿಂದ ನೋಡ್ತಾ ಇದೀನಿ, ನನಗೇ ಹೇಳ್ತಾ ಇದೀಯಲ್ಲೋ ಮಾರಾಯ. ಮನೇಲಿ ಯಜಮಾನ್ರು ಇನ್ನೂ ಗಟ್ಟಿಯಾಗಿದ್ದಾರೆ. ಅಲ್ಲಿ ಹಿಂದೆ ನಿಂತಿದ್ದಾಳಲ್ಲ, ಅವಳನ್ನ ಕೇಳು!”

ದ್ವಾರಪಾಲಕನ ಒಂದೇ ಮಾತು

ಯುಗಾದಿ ಹತ್ತಿರ ಬಂದಿತ್ತು. ಕೊನೆಯ ಅವಕಾಶ ಮೂಡಿಗೆರೆಯ ಹತ್ತಿರದ ಒಂದು ಸಣ್ಣ ಎಸ್ಟೇಟಿನ ನಾಟಕ. ಅದೂ ಮಧ್ಯಾಹ್ನವೇ. ಗೋಡೌನಿನ ಎತ್ತರದ ಜಗಲಿಯೇ ಸ್ಟೇಜು. ಎದುರಿನ ಕಣದಲ್ಲಿ ಅರ್ಧ ಭಾಗ ಜನರಿಗೆ, ಇನ್ನರ್ಧದಲ್ಲಿ ಕಾಫಿ ಒಣಗುತ್ತಿತ್ತು.

ಇಲ್ಲಿ ಪಾತ್ರ ಹಂಚಿದ್ದೇ ವಿಚಿತ್ರ. ಧ್ವನಿ ಜೋರಿದ್ದ ಮೇಸ್ತ್ರಿ ರಾಜ. ಸಾಹುಕಾರ್ರಿಗೆ ಮಾತು ನೆನಪಿರುವುದಿಲ್ಲವೆಂದು ಅವರಿಗೆ ದ್ವಾರಪಾಲಕನ ಪಾತ್ರ. ಒಂದೇ ಮಾತು: ರಾಜ ಕರೆದಾಗ “ಅಪ್ಪಣೆ, ಮಹಾಪ್ರಭು!” ಎನ್ನಬೇಕು. ಅದನ್ನೂ ಅವರು ರಾಜ ಕರೆಯದಿದ್ದಾಗ ಹೇಳುತ್ತಿದ್ದರು, ಕರೆದಾಗ ಸುಮ್ಮನಿರುತ್ತಿದ್ದರು. ಮೇಸ್ತ್ರಿಯೋ, ರಾಜನಾಗಿದ್ದರೂ ಸಾಹುಕಾರ್ರ ಕಡೆ ತಿರುಗಿದಾಗಲೆಲ್ಲ ಬೆನ್ನು ಬಗ್ಗಿಸಿ, “ಎಲವೋ ದ್ವಾರಪಾಲಕ, ದಯವಿಟ್ಟು ಇಲ್ಲಿ ಬನ್ನಿ,” ಎನ್ನುತ್ತಿದ್ದ.

ಕ್ಯಾಮೆರಾ ನೋಡಿದ ಕೂಡಲೇ ಎಂದಿನಂತೆ ಎಲ್ಲರೂ ಸಾಲಾಗಿ ನಿಂತರು. ಫೋಟೋದಮ್ಮ ತೆಗೆದರು. ಆಮೇಲೆ ನನ್ನ ಪಕ್ಕ ಬಂದು ಕೂತು, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, “ಹೋಗ್ಲಿ ಬಿಡು. ಚಪ್ಪಲಿ ಬಿಡೋ ಜಾಗದಲ್ಲಿ ಜನ ಬಗ್ಗಿ ನಿಲ್ತಾರಲ್ಲ, ಹತ್ರದಿಂದ ನೋಡ್ತಾರೆ,” ಎಂದರು. ನಗುತ್ತಲೇ ಹೇಳಿದರು. ಆದರೆ ಸೆರಗಿನಿಂದ ಲೆನ್ಸನ್ನು ಒರೆಸುತ್ತಾ ಕೂತವರು ಮತ್ತೆ ಸ್ಟೇಜಿನ ಕಡೆ ನೋಡಲೇ ಇಲ್ಲ.

ಅಷ್ಟರಲ್ಲಿ ಮಾಡಿನ ತಗಡಿನ ಮೇಲೆ ಟಪ್ ಅಂತ ಒಂದು ಸದ್ದು. ಮತ್ತೊಂದು.

ಹೂಮಳೆ. ಕಾಫಿ ಹೂವಾಗಲು ಬೇಕೇ ಬೇಕಾದ, ಎಲ್ಲರೂ ದಿನಾ ಆಕಾಶ ನೋಡಿ ಕಾಯುತ್ತಿದ್ದ ಮಳೆ. ಗಿಡಕ್ಕೆ ಅಮೃತ, ಕಣದಲ್ಲಿ ಒಣಗುವ ಕಾಫಿಗೆ ವಿಷ. ಜನ “ಬಂತು! ಬಂತು!” ಎಂದು ಕುಣಿದದ್ದೂ, “ಅಯ್ಯೋ ಕಾಫಿ!” ಎಂದು ಕಿರುಚಿದ್ದೂ ಒಂದೇ ಉಸಿರಿನಲ್ಲಿ. ಪ್ರೇಕ್ಷಕರು ಎದ್ದು ಓಡಿದರು. ರಾಣಿ ನಿರಿಗೆ ಎತ್ತಿ ಕಟ್ಟಿ ಜಗಲಿಯಿಂದ ಜಿಗಿದಳು. ರಾಕ್ಷಸ ಕೊಂಬು ಸಮೇತ ಗೋರುಮಣೆ ಹಿಡಿದು ಕಾಫಿಯನ್ನು ರಾಶಿ ಒಟ್ಟತೊಡಗಿದ. ಸಾಹುಕಾರ್ರು ಮಾತ್ರ ಈಟಿ ಹಿಡಿದುಕೊಂಡು, ಬಾಯಿ ತೆರೆದು, ಆಕಾಶ ನೋಡುತ್ತಾ ನಿಂತುಬಿಟ್ಟಿದ್ದರು. ಆಗ ರಾಜ, ಕಿರೀಟ ಒಂದು ಕಡೆ ವಾಲಿದೆ, ಟಾರ್ಪಾಲಿನ ಒಂದು ತುದಿ ಹಿಡಿದು ಎಳೆಯುತ್ತಾ ಗುಡುಗಿದ:

“ಎಲವೋ ದ್ವಾರಪಾಲಕ! ಕಂಬದಂತೆ ನಿಂತು ಏನು ನೋಡುತ್ತಿರುವೆ? ಹಿಡಿ ಆ ತುದಿಯನ್ನು!”

“ಅಪ್ಪಣೆ, ಮಹಾಪ್ರಭು!” ಎಂದು ಕೂಗಿದ ಸಾಹುಕಾರ್ರು ಈಟಿ ಎಸೆದು ಓಡಿದರು.

ಫೋಟೋದಮ್ಮ ಎದ್ದು ನಿಂತಾಗಿತ್ತು. ಕ್ಯಾಮೆರಾ ಕಣ್ಣಿಗೆ ಹೋಗಿತ್ತು. ಆದರೆ ಆ ಮಬ್ಬು ಬೆಳಕಿನಲ್ಲಿ ಅವರಿಗೆ ಎಲ್ಲ ಮಸುಕು. “ಎಲ್ಲಿದ್ದಾರೆ? ಯಾರು ಎಲ್ಲಿ? ಹೇಳೇ!” ನಾನು ಅವರ ಭುಜ ಹಿಡಿದು ತಿರುಗಿಸಿ, ಕಿವಿಯ ಹತ್ತಿರ ಬಾಯಿಟ್ಟು, “ರಾಜ ಎಡಕ್ಕೆ. ಸಾಹುಕಾರ್ರು ಬಲಕ್ಕೆ, ಓಡಿ ಬರ್ತಿದ್ದಾರೆ. ಟಾರ್ಪಾಲು ಮೇಲೇಳ್ತಾ ಇದೆ. ರಾಕ್ಷಸ ನಗ್ತಿದ್ದಾನೆ. ಅಮ್ಮ, ಈಗ!” ಎಂದೆ.

ಕ್ಲಿಕ್.

ಕಾಫಿ ಮುಚ್ಚಿಯಾದ ಮೇಲೆ ಮೇಸ್ತ್ರಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡು, ನೆಂದು ನಡುಗುತ್ತಾ, “ಸಾವ್ಕಾರ್ರೇ, ತಪ್ಪಾಯ್ತು, ಬಾಯಿಗೆ ಬಂದ ಹಾಗೆ...” ಎಂದ.

“ಎಂತ ತಪ್ಪು ಮಾರಾಯ?” ಎಂದರು ಸಾಹುಕಾರ್ರು, ಮುಖದ ನೀರು ಒರೆಸಿಕೊಂಡು. “ಇವತ್ತೇ ಮೊದಲ ಸಲ ನನ್ನ ಮಾತು ಸರಿಯಾದ ಜಾಗಕ್ಕೆ ಬಂತು!”

ಮರುವರ್ಷದ ಮಳೆ

ಡಾರ್ಕ್ ರೂಮಿನ ಕೆಂಪು ದೀಪದಡಿ, ಕೆಮಿಕಲ್ ನೀರಿನೊಳಗೆ ಆ ಫೋಟೋ ಮೆಲ್ಲಮೆಲ್ಲಗೆ ಮೂಡುವಾಗ ನಾವಿಬ್ಬರೂ ಟ್ರೇಯ ಮೇಲೆ ಬಗ್ಗಿ ನಿಂತಿದ್ದೆವು. ಗಾಳಿಗೆ ಉಬ್ಬಿದ ಟಾರ್ಪಾಲು. ಒಂದು ತುದಿಯಲ್ಲಿ ಆಜ್ಞೆ ಮಾಡುವ ರಾಜ, ಇನ್ನೊಂದು ತುದಿಯಲ್ಲಿ ಓಡಿ ಬರುವ ದ್ವಾರಪಾಲಕ. ನಡುವೆ ಮಳೆಗೆ ಮುಖವೊಡ್ಡಿ ನಗುವ ರಾಕ್ಷಸ. ಒಬ್ಬರೂ ನಮ್ಮ ಕಡೆ ನೋಡುತ್ತಿರಲಿಲ್ಲ.

ಕಾರ್ಯದರ್ಶಿಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿದರು. “ಇದು ಯಾವ ನಾಟಕದ ಯಾವ ದೃಶ್ಯ ಅಮ್ಮ?” ಎಂದರು. “ಅದು ಅವರಿಗೂ ಗೊತ್ತಿಲ್ಲ,” ಎಂದರು ಫೋಟೋದಮ್ಮ. ಗೋಡೆ ಸಿಕ್ಕಿತು. ಪೂರ್ತಿ ಗೋಡೆ. ನಡುವೆ ಈ ಮಳೆ, ಸುತ್ತಲೂ ಅವರ ರಾಣಿಯರು. ಪ್ರದರ್ಶನ ಮುಗಿದ ಮೇಲೆ ಫೋಟೋದಮ್ಮ ಧೈರ್ಯವಾಗಿ ಹೋಗಿ ಆಪರೇಷನ್ ಮಾಡಿಸಿಕೊಂಡರು. ಕಣ್ಣು ಚೆನ್ನಾಗಿಯೇ ಬಂತು.

ಫೋಟೋ ಹೆಸರು ಮಾಡಿದ್ದು ಎಸ್ಟೇಟಿನವರಿಗೆ ಬಹಳ ಹೆಮ್ಮೆ. ಮರುವರ್ಷ ಅವರು ನಾಟಕದಲ್ಲೇ ಒಂದು ಟಾರ್ಪಾಲು ದೃಶ್ಯ ಸೇರಿಸಿಬಿಟ್ಟರು. ಮಳೆಗೆಂದು ಗೋಡೌನಿನ ಮಾಡಿನ ಮೇಲೆ ಇಬ್ಬರು ಕೊಡ ಹಿಡಿದು ಕೂತಿದ್ದರು. ಸಾಹುಕಾರ್ರು ಬಾಗಿಲಲ್ಲೇ ನಮ್ಮನ್ನು ಎದುರುಗೊಂಡು, “ಈ ಸಲ ಚೆನ್ನಾಗಿ ಪ್ರ್ಯಾಕ್ಟೀಸ್ ಮಾಡಿದ್ದೀವಿ ಅಮ್ಮ, ಬೇಕಾದಷ್ಟು ತೆಗೀರಿ,” ಎಂದರು.

ಫೋಟೋದಮ್ಮ ಕ್ಯಾಮೆರಾವನ್ನು ತೆಗೆದು ನನ್ನ ಕೊರಳಿಗೆ ಹಾಕಿದರು.

“ನಾನಾ ಅಮ್ಮ?”

“ಹೂಂ, ನೀನೇ. ಇಷ್ಟು ವರ್ಷ ನಾಟಕಕ್ಕೆ ಹೋಗಿ ಹೋಗಿ ಒಂದು ನಾಟಕಾನೂ ನೋಡಿಲ್ಲ ಮಾರಾಯ್ತಿ ನಾನು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಲ್ಲಿ ಬೆಳಕು ನೋಡಿದ್ದೇ ಆಯ್ತು. ಇವತ್ತು ಎರಡೂ ಕಣ್ಣು ಬಿಟ್ಕೊಂಡು ಕೂತು ನೋಡ್ತೀನಿ. ಇನ್ನು ಇವರು ನಿನ್ನ ಕಷ್ಟ.” ಅಷ್ಟು ಹೇಳಿ ಮೊದಲ ಸಾಲಿನ ನಟ್ಟನಡುವೆ ಹೋಗಿ ಕೂತರು.

ದೃಶ್ಯ ಬಂತು. ಮೇಲಿನಿಂದ ಕೊಡದ ನೀರು ಸುರಿಯಿತು. ರಾಜ ಗುಡುಗಿದ. ದ್ವಾರಪಾಲಕ ಓಡಿ ಬಂದ. ಟಾರ್ಪಾಲು ಎದ್ದಿತು. ನಾನು ಕ್ಯಾಮೆರಾ ಎತ್ತಿದೆ. ಎತ್ತಿದ್ದೇ ತಡ, ಅಷ್ಟೂ ಜನ ಟಾರ್ಪಾಲು ಹಿಡಿದ ಕೈಯಲ್ಲೇ ನಿಂತು, ಗಲ್ಲ ಎತ್ತಿ, ಒಟ್ಟಿಗೆ ನನ್ನ ಕಡೆ ತಿರುಗಿದರು. ಮಾಡಿನ ಮೇಲಿನ ಇಬ್ಬರೂ ನೀರು ಸುರಿಯುವುದು ಬಿಟ್ಟು ಕ್ರಾಪು ಸರಿ ಮಾಡಿಕೊಂಡು ಬಗ್ಗಿದರು.

ನನಗೆ ಎಲ್ಲಿತ್ತೋ ಆ ಧ್ವನಿ. ಹುಟ್ಟಿದ ಮೇಲೆ ಅಷ್ಟು ಜನರೆದುರು ಬಾಯಿ ಬಿಟ್ಟವಳಲ್ಲ. ಅವತ್ತು ಕಣದ ಆ ತುದಿಗೆ ಕೇಳುವ ಹಾಗೆ, ಅಚ್ಚ ಕನ್ನಡದಲ್ಲಿ ಕಿರುಚಿದೆ:

“ಯಾರೂ ನನ್ನ ನೋಡ್ಬೇಡೀ!”

ಸಾಹುಕಾರ್ರು ಬೆಚ್ಚಿಬಿದ್ದು, “ಅಪ್ಪಣೆ!” ಎಂದರು. ಆಮೇಲೆ ರಾಜ, ರಾಣಿ, ದ್ವಾರಪಾಲಕ, ರಾಕ್ಷಸ, ಮಾಡಿನ ಮೇಲಿನ ಇಬ್ಬರು ಸೇರಿ ಎಲ್ಲರೂ, ನಿಂತಲ್ಲಿಂದ ಒಂದಿಂಚೂ ಕದಲದೆ, ಬಹಳ ವಿಧೇಯರಾಗಿ ಕಣ್ಣು ಮುಚ್ಚಿಕೊಂಡರು.

ಮೊದಲ ಸಾಲಿನಿಂದ ಫೋಟೋದಮ್ಮನ ನಗು ಕೇಳಿಸಿತು. “ತೆಗಿಯೇ, ತೆಗಿ! ಇಂಥದ್ದು ನನ್ನ ಬೀರೂಲೂ ಇಲ್ಲ!”